ಮೈಕ್ ಎಷ್ಟು ಎಂದು ಬರೆದಿರಿ, ಸಾಲು ಎಷ್ಟು ಉದ್ದ ಎಂದು ಬರೆಯಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ವರದಿಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಇಡುವ ಒಂದು ಉಪಕರಣ, ಅದರಲ್ಲಿ ಸಾಲಾಗಿ 16 ಮೈಕ್. ಹಳೆಯದರಲ್ಲಿ 4 ಇದ್ದವು, ಹೊಸದರಲ್ಲಿ 16, ಆದ್ದರಿಂದ ಇದು ನಾಲ್ಕು ಪಟ್ಟು ಚುರುಕು ಎಂದಿತ್ತು. ಜನ ತುಂಬಿದ ಕೋಣೆಯಲ್ಲಿ ಯಾರೇ ಮಾತಾಡಿದರೂ ಅರ್ಧ ಡಿಗ್ರಿಯೂ ತಪ್ಪದೆ ದಿಕ್ಕು ಹೇಳುತ್ತದೆ, ಬೇಕಾದವರ ದನಿಯನ್ನು ಮಾತ್ರ ಹೆಕ್ಕಿ ಕೊಡುತ್ತದೆ, ಇದೇ ತಂತ್ರ ಕಿವಿ ಮೆಷಿನ್‌ಗಳಲ್ಲೂ ಇದೆ ಎಂದೂ ಇತ್ತು.

ಈ ವರದಿಯನ್ನು ನಮ್ಮ ಮನೆಯಲ್ಲಿ ಮೊದಲು ಓದಿದ್ದು ನಮ್ಮ ಅಪ್ಪ. ಅವರಿಗೆ 78 ವರ್ಷ. ಎರಡೂ ಕಿವಿಗೆ ಮೆಷಿನ್ ಹಾಕುತ್ತಾರೆ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಅವರಿಗೆ ಏನೂ ತಿಳಿಯುವುದಿಲ್ಲ. ಸುಮ್ನೆ ನಗುತ್ತಾ ಕೂರುತ್ತಾರೆ. ಪೇಪರ್ ಮಡಚಿ ನನ್ನ ಮುಂದಿಟ್ಟು, "ಮೆಷಿನ್ ಇಷ್ಟೆಲ್ಲಾ ಮಾಡುತ್ತೆ ಅಂದ್ರೆ ತಪ್ಪು ಅದರದ್ದಲ್ಲ. ನನ್ನ ಕಿವೀನೇ ಪೂರ್ತಿ ಹೋಗಿದೆ ಅಂತಾಯ್ತು, ಅಲ್ವಾ?" ಎಂದರು.

ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಯಾಕೆಂದರೆ ನಾನು 19 ವರ್ಷದಿಂದ ಮಾಡುತ್ತಿರುವ ಕೆಲಸವೇ ಇದು. ಮೈಕ್‌ಗಳ ಸಾಲನ್ನು ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಇಟ್ಟು, ಸುತ್ತಲೂ ಸ್ಪೀಕರ್ ತಿರುಗಿಸಿ, ಅದು ಹೇಳುವ ದಿಕ್ಕಿಗೂ ನಿಜವಾದ ದಿಕ್ಕಿಗೂ ಎಷ್ಟು ವ್ಯತ್ಯಾಸ ಎಂದು ಬರೆದಿಡುವುದು. ಇಂಥ ಸಾಲಿಗೆ ನಾವು ಅರೇ ಅನ್ನುತ್ತೇವೆ. ಅದಕ್ಕೆ ಮಿತಿಗಳಿವೆ. ಕೆಲವು ಮಿತಿಗಳನ್ನು ಒಳ್ಳೆಯ ಎಂಜಿನಿಯರ್ ದಾಟಬಹುದು. ಕೆಲವನ್ನು ಯಾರೂ ದಾಟಲಾರರು. ನಿಮ್ಮ ವರದಿಯಲ್ಲಿ ಈ ಎರಡನೇ ಬಗೆಯ ಮಿತಿಗಳ ಸುದ್ದಿಯೇ ಇರಲಿಲ್ಲ.

ಅಪ್ಪ ಸರ್ವೆಯರ್ ಆಗಿದ್ದವರು. ಸರಪಳಿ ಎಳೆದು, ಕೋನ ಅಳೆದು, ನಕ್ಷೆ ಬರೆದವರು. ಹಾಗಾಗಿ ಅವರ ಜೊತೆ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿದೆ. ಅದನ್ನೇ ನಿಮ್ಮ ಓದುಗರಿಗೂ ಹೇಳುತ್ತೇನೆ.

ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡು ಮೈಕ್‌ಗಳನ್ನು 20 ಸೆಂಟಿಮೀಟರ್ ದೂರದಲ್ಲಿ ಇಡಿ. ಮಾತಾಡುವವರು ನೇರ ಎದುರಿಗಿದ್ದರೆ ದನಿ ಎರಡಕ್ಕೂ ಒಂದೇ ಹೊತ್ತಿಗೆ ಮುಟ್ಟುತ್ತದೆ. ಪಕ್ಕಕ್ಕೆ ಸರಿದರೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ. ಈ ತಡವನ್ನು ಅಳೆದು ದಿಕ್ಕು ಹೇಳುತ್ತೇವೆ. ಎದುರಿನಿಂದ 1 ಡಿಗ್ರಿ ಸರಿದರೆ ಆಗುವ ತಡ ಸುಮಾರು 10 ಮೈಕ್ರೊಸೆಕೆಂಡ್. ಅಂದರೆ ಸೆಕೆಂಡಿನ ಲಕ್ಷದಲ್ಲೊಂದು ಭಾಗ. ಸೆಕೆಂಡಿಗೆ 16,000 ಸಲ ಅಳೆಯುವ ಸಾಮಾನ್ಯ ಉಪಕರಣದಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ನಡುವೆ 62.5 ಮೈಕ್ರೊಸೆಕೆಂಡ್ ಇರುತ್ತದೆ. ಅದರ ಆರನೇ ಒಂದು ಪಾಲನ್ನು ಗುರುತಿಸಬೇಕು. ಗದ್ದಲ ಇಲ್ಲದಿದ್ದರೆ ಗುರುತಿಸಬಹುದು, ನಾನೇ ಮಾಡಿದ್ದೇನೆ.

ಆದರೆ ಅದೇ ವ್ಯಕ್ತಿ ಸಾಲಿನ ಪಕ್ಕಕ್ಕೆ, ಅದರ ತುದಿಯ ನೇರಕ್ಕೆ ಬಂದು ಕೂತರು ಅನ್ನಿ. ಅಲ್ಲಿ 89ರಿಂದ 90 ಡಿಗ್ರಿಗೆ ಸರಿದರೆ ತಡದಲ್ಲಿ ಆಗುವ ಬದಲಾವಣೆ 0.09 ಮೈಕ್ರೊಸೆಕೆಂಡ್ ಮಾತ್ರ. ಎದುರಿನದರ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾದರೆ ವರದಿಯಲ್ಲಿ ಹೇಳಿದ ಅರ್ಧ ಡಿಗ್ರಿ ಯಾವ ಕಡೆಯದು? ಎದುರಿನದೋ, ಪಕ್ಕದ್ದೋ? ಒಂದೇ ಉಪಕರಣ, ಒಂದೇ ಕೋಣೆ, ಎರಡು ಬೇರೆ ಬೇರೆ ಉತ್ತರ. ಅದೂ ಅಲ್ಲದೆ ನೇರ ಸಾಲಿನಲ್ಲಿರುವ ಮೈಕ್‌ಗಳಿಗೆ ಹಿಂದೆ ಮುಂದೆ ಯಾವುದೆಂದೇ ತಿಳಿಯುವುದಿಲ್ಲ. ಎದುರಿನಿಂದ ಬಂದ ದನಿಗೂ ಹಿಂದಿನಿಂದ ಬಂದ ದನಿಗೂ ತಡ ಒಂದೇ. ನೀರೊಳಗಿನ ಸದ್ದು ಕೇಳುವ ಮೈಕ್‌ಗಳ ಸಾಲನ್ನು (ಸೋನಾರ್) ಬಾಲದ ಹಾಗೆ ಎಳೆದುಕೊಂಡು ಹೋಗುವ ಹಡಗುಗಳಿಗೂ ಇದೇ ತೊಂದರೆ. ಸದ್ದು ಎಡದ್ದೋ ಬಲದ್ದೋ ತಿಳಿಯಲು ಹಡಗನ್ನೇ ಸ್ವಲ್ಪ ತಿರುಗಿಸಿ ಮತ್ತೆ ಕೇಳಬೇಕಾಗುತ್ತದೆ.

"ಅದಕ್ಕೇ ತಾನೇ ಮೈಕ್ ಜಾಸ್ತಿ ಹಾಕೋದು?" ಎಂದು ಅಪ್ಪ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ ಇದು. ನಿಮ್ಮ ವರದಿ ಎಡವಿದ್ದೂ ಇಲ್ಲೇ.

ವರದಿಯ ಜೊತೆಗಿದ್ದ ಚಿತ್ರದಲ್ಲಿ ಉಪಕರಣದ ಪಕ್ಕದಲ್ಲಿ ಒಂದು ಕೈ ಇತ್ತು. ಆ ಕೈಯ ಅಂದಾಜಿನಲ್ಲಿ ಮೈಕ್ ಸಾಲಿನ ಉದ್ದ ಸುಮಾರು 30 ಸೆಂಟಿಮೀಟರ್. ಹಳೆಯದೂ ಅಷ್ಟೇ ಉದ್ದ ಇತ್ತು ಎಂದಿಟ್ಟುಕೊಳ್ಳೋಣ. 4 ಮೈಕ್ ಇದ್ದಾಗ ಒಂದಕ್ಕೂ ಇನ್ನೊಂದಕ್ಕೂ 10 ಸೆಂಟಿಮೀಟರ್, 16 ಇದ್ದಾಗ 2 ಸೆಂಟಿಮೀಟರ್. ಇದರಿಂದ ನಿಜವಾದ ಲಾಭಗಳಿವೆ. ಮೈಕ್‌ಗಳ ನಡುವಿನ ದೂರ ಅಲೆಯ ಉದ್ದದ ಅರ್ಧಕ್ಕಿಂತ ಜಾಸ್ತಿಯಾದರೆ ಸಾಲಿಗೆ ಭ್ರಮೆ ಹಿಡಿಯುತ್ತದೆ. ಒಂದೇ ದನಿ ಎರಡು ಮೂರು ದಿಕ್ಕಿನಿಂದ ಬಂದ ಹಾಗೆ ಕಾಣುತ್ತದೆ. 10 ಸೆಂಟಿಮೀಟರ್ ಅಂತರಕ್ಕೆ ಈ ಭ್ರಮೆಗೆ 1,715 ಹರ್ಟ್ಸ್‌ನಿಂದಲೇ ದಾರಿಯಾಗುತ್ತದೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕ). ಮಾತಿನ ಎಷ್ಟೋ ವ್ಯಂಜನಗಳು ಇರುವುದು ಅದಕ್ಕಿಂತ ಮೇಲೆ. 2 ಸೆಂಟಿಮೀಟರ್ ಅಂತರದಲ್ಲಿ 8,500 ಹರ್ಟ್ಸ್ ತನಕ ಚಿಂತೆ ಇಲ್ಲ. ಇದು ದೊಡ್ಡ ಸುಧಾರಣೆ. ವರದಿಯಲ್ಲಿ ಇದನ್ನು ಹೇಳಬಹುದಿತ್ತು. ಗದ್ದಲದ ವಿಚಾರದಲ್ಲೂ ಲಾಭ ಇದೆ. ಪ್ರತಿ ಮೈಕ್‌ನ ಗದ್ದಲವೂ ಬೇರೆ ಬೇರೆಯಾಗಿದ್ದರೆ, ಮೈಕ್ ಎರಡು ಪಟ್ಟಾದಾಗ ಮಾತು ಗದ್ದಲಕ್ಕಿಂತ ಇನ್ನೂ 3 ಡೆಸಿಬಲ್ ಮೇಲೇಳುತ್ತದೆ (ಡೆಸಿಬಲ್ ಸದ್ದಿನ ಜೋರಿನ ಅಳತೆ). 4ರಿಂದ 16ಕ್ಕೆ ಹೋದರೆ 6 ಡೆಸಿಬಲ್. ಆದರೆ ಫ್ಯಾನಿನ ಗುಂಯ್ ಸದ್ದು ಪಕ್ಕಪಕ್ಕದ ಎರಡು ಮೈಕ್‌ಗಳಿಗೆ ಹೆಚ್ಚುಕಡಿಮೆ ಒಂದೇ ತರ ಕೇಳುತ್ತದೆ. ಅಲ್ಲಿ ಈ 6 ಡೆಸಿಬಲ್ ಪೂರ್ತಿ ಸಿಗುವುದಿಲ್ಲ.

ಇನ್ನು ದಿಕ್ಕಿನ ಮಾತು. ಸಾಲು ಎಷ್ಟು ಚೂಪಾಗಿ ಕೇಳುತ್ತದೆ ಎನ್ನುವುದು ಮೈಕ್ ಎಷ್ಟಿವೆ ಎನ್ನುವುದಕ್ಕಿಂತ ಸಾಲು ಅಲೆಗಿಂತ ಎಷ್ಟು ಉದ್ದ ಎನ್ನುವುದರ ಮೇಲೆ ನಿಂತಿದೆ. 1,000 ಹರ್ಟ್ಸ್ ಶಬ್ದದ ಅಲೆಯ ಉದ್ದ 34 ಸೆಂಟಿಮೀಟರ್. ಸಾಲಿನ ಉದ್ದವೂ ಹತ್ತಿರ ಹತ್ತಿರ ಅಷ್ಟೇ. ಆ 16 ಮೈಕ್‌ಗಳ ದನಿಗಳನ್ನು ಹೊಂದಿಸಿ ಕೂಡಿಸಿದರೆ ಕೇಳುವ ಅಗಲ ಸುಮಾರು 55 ಡಿಗ್ರಿ. ಟಾರ್ಚ್ ಬೆಳಕಿನ ಹಾಗೆ ಯೋಚಿಸಿ: ಇದು ಚೂಪಾದ ಬೆಳಕಲ್ಲ, ಅರ್ಧ ಗೋಡೆಯನ್ನೇ ಬೆಳಗುವ ಬೆಳಕು. 4,000 ಹರ್ಟ್ಸ್‌ನಲ್ಲಿ ಅದು 14 ಡಿಗ್ರಿಗೆ ಇಳಿಯುತ್ತದೆ. 250 ಹರ್ಟ್ಸ್‌ನಲ್ಲಿ ಅಲೆಯ ಉದ್ದ 1.37 ಮೀಟರ್, ಅಲ್ಲಿ ಹೀಗೆ ಕೂಡಿಸಿದರೆ ದಿಕ್ಕೇ ಇಲ್ಲ ಎನ್ನಬಹುದು. ಒಂದೇ ಮಾತಿನಲ್ಲಿ ಈ ಮೂರೂ ಇರುತ್ತವೆ.

"ಬೇಸ್‌ಲೈನ್ ಚಿಕ್ಕದಾದ್ರೆ ಕೋನ ನಂಬೋಕಾಗಲ್ಲ. ನಡುವೆ ಎಷ್ಟು ಗೂಟ ನೆಟ್ಟರೂ ಅಷ್ಟೇ" ಎಂದರು ಅಪ್ಪ. ಕೋನ ಅಳೆಯುವ ಎರಡು ತುದಿಗಳ ನಡುವಿನ ದೂರಕ್ಕೆ ಸರ್ವೆಯವರು ಬೇಸ್‌ಲೈನ್ ಅನ್ನುತ್ತಾರೆ. ನನ್ನ ಪಾಠಕ್ಕಿಂತ ಅದೇ ಸರಿಯಾದ ವಿವರಣೆ.

ಲೆಕ್ಕದಲ್ಲೂ ಅದೇ ಬರುತ್ತದೆ. ಗದ್ದಲ ಇರುವ ಅಳತೆಗಳಿಂದ ಯಾವುದೇ ಸಂಖ್ಯೆಯನ್ನು ಅಂದಾಜು ಮಾಡುವಾಗ, ಒಂದೇ ಕಡೆಗೆ ವಾಲದ, ಅಂದರೆ ಸರಾಸರಿಯಲ್ಲಿ ಸರಿಯಾದ ಉತ್ತರವನ್ನೇ ಕೊಡುವ ವಿಧಾನ ಎಷ್ಟೇ ಜಾಣವಾಗಿದ್ದರೂ ತಪ್ಪು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇದನ್ನು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1945ರಲ್ಲಿ ಕಲ್ಕತ್ತಾದ ಗಣಿತ ಪತ್ರಿಕೆಯೊಂದರಲ್ಲಿ ತೋರಿಸಿದರು. ಆಗ ಅವರಿಗೆ 25ರ ಆಸುಪಾಸು. ಸ್ವೀಡನ್ನಿನ ಹರಾಲ್ಡ್ ಕ್ರಾಮೇರ್ ಕೂಡ ಅದೇ ಹೊತ್ತಿನಲ್ಲಿ ಬೇರೆಯಾಗಿ ಇದೇ ಮಾತಿಗೆ ಬಂದಿದ್ದರು. ಹಾಗಾಗಿ ಇದರ ಹೆಸರು ಕ್ರಾಮೇರ್-ರಾವ್ ಮಿತಿ. ನಮ್ಮ ಲ್ಯಾಬಿನಲ್ಲಿ ಪ್ರತಿ ಗ್ರಾಫಿನ ಕೆಳಗೂ ಈ ಗೆರೆ ಎಳೆಯುತ್ತೇವೆ. ಯಾರಾದರೂ ಆ ಗೆರೆಗಿಂತ ಕೆಳಗಿನ ತಪ್ಪು ತೋರಿಸಿದರೆ ಮೊದಲು ಸಂಭ್ರಮ ಪಡುವುದಿಲ್ಲ, ಪ್ರಯೋಗದಲ್ಲಿ ಏನು ಎಡವಟ್ಟಾಗಿದೆ ಎಂದು ಹುಡುಕುತ್ತೇವೆ.

ಈ ಮಿತಿಯನ್ನು ಆ ಎರಡು ಸಾಲುಗಳಿಗೆ ಹಾಕಿ ನೋಡಿದೆ. ಉದ್ದ ಅದೇ 30 ಸೆಂಟಿಮೀಟರ್, ಗದ್ದಲ ಅಷ್ಟೇ, ಕೇಳುವ ಹೊತ್ತೂ ಅಷ್ಟೇ, ಮಾತಾಡುವವರು ಒಬ್ಬರೇ. 4 ಮೈಕ್ ಬದಲು 16 ಹಾಕಿದರೆ ದಿಕ್ಕಿನ ತಪ್ಪು ಕಡಿಮೆಯಾಗುವುದು ನಾಲ್ಕು ಪಟ್ಟಲ್ಲ. ಎರಡು ಪಟ್ಟೂ ಅಲ್ಲ. ಸುಮಾರು 1.65 ಪಟ್ಟು. ಯಾಕೆ ಇಷ್ಟು ಕಡಿಮೆ? ದಿಕ್ಕು ಹೇಳುವುದರಲ್ಲಿ ತುದಿಯ ಮೈಕ್‌ಗಳದೇ ಹೆಚ್ಚಿನ ಪಾಲು. 4 ಮೈಕ್‌ನ ಸಾಲಿನಲ್ಲಿ ಎರಡು, ಅಂದರೆ ಅರ್ಧದಷ್ಟು, ತುದಿಯಲ್ಲೇ ಇವೆ. 16ರ ಸಾಲಿನಲ್ಲೂ ತುದಿಯಲ್ಲಿ ಇರುವುದು ಎರಡೇ. ಉಳಿದವು ಒಳಗೆ ತುಂಬಿಕೊಂಡಿವೆ, ಒಳಗೆ ಹೋದಷ್ಟೂ ಅವುಗಳ ಪಾಲು ಕಡಿಮೆ. ಅದೇ 2 ಸೆಂಟಿಮೀಟರ್ ಅಂತರ ಉಳಿಸಿಕೊಂಡು ಸಾಲನ್ನೇ ಎರಡು ಪಟ್ಟು ಉದ್ದ ಮಾಡಿದರೆ ತಪ್ಪು ಸುಮಾರು 2.7 ಪಟ್ಟು ಇಳಿಯುತ್ತದೆ. ಜಾಸ್ತಿ ಹೊತ್ತು ಕೇಳಿದರೂ ತಪ್ಪು ಇಳಿಯುತ್ತದೆ, ಆದರೆ ಅದನ್ನು ಅರ್ಧ ಮಾಡಲು ನಾಲ್ಕು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಮಾತಾಡುವವರು ತಲೆ ತಿರುಗಿಸಿರುತ್ತಾರೆ.

ಈ ಗೆರೆಯೂ ಒಳ್ಳೆಯ ದಿನದ ಲೆಕ್ಕ. ಗದ್ದಲ ಒಂದು ಮಟ್ಟ ದಾಟಿದ ಮೇಲೆ ತಪ್ಪು ನಿಧಾನವಾಗಿ ಏರುವುದಿಲ್ಲ, ಒಮ್ಮೆಲೇ ಹಾರುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಗದ್ದಲವನ್ನು ಒಂದೊಂದೇ ಡೆಸಿಬಲ್ ಏರಿಸುತ್ತಾ ಹೋಗುತ್ತೇವೆ. ತಪ್ಪು 1 ಡಿಗ್ರಿ, ಒಂದೂವರೆ, ಎರಡು. ಆಮೇಲೆ ಇದ್ದಕ್ಕಿದ್ದ ಹಾಗೆ ಸೂಜಿ 70 ಡಿಗ್ರಿ ಆಚೆ ಖಾಲಿ ಮೂಲೆಯನ್ನು ತೋರಿಸುತ್ತದೆ. ಗದ್ದಲದ ಒಂದು ಉಬ್ಬನ್ನೇ ದನಿ ಎಂದು ಹಿಡಿದಿರುತ್ತದೆ. ಹೊಸ ಹುಡುಗರು ವೈರ್ ಸಡಿಲವಾಗಿದೆ ಎಂದುಕೊಂಡು ಎಲ್ಲಾ ಬಿಚ್ಚಿ ನೋಡುತ್ತಾರೆ. ವೈರ್ ಸರಿಯಾಗಿಯೇ ಇರುತ್ತದೆ. ಜನ ತುಂಬಿದ ಕೋಣೆ ಬಹಳ ಸಲ ಈ ಅಂಚಿನ ಆಚೆಗೇ ಇರುತ್ತದೆ.

ಒಬ್ಬರ ದಿಕ್ಕು ಹೇಳುವುದು ಒಂದು ಕೆಲಸ, ಅಕ್ಕಪಕ್ಕ ಕೂತ ಇಬ್ಬರನ್ನು ಬೇರೆ ಮಾಡುವುದು ಇನ್ನೊಂದು ಕೆಲಸ. ವರದಿ ಎರಡನ್ನೂ ಒಂದೇ ಮಾಡಿದೆ. 55 ಡಿಗ್ರಿ ಅಗಲದೊಳಗೆ ಇಬ್ಬರು ಕೂತಿದ್ದರೆ ಸರಳ ವಿಧಾನಕ್ಕೆ ಅವರು ಒಬ್ಬರೇ. ಇದನ್ನು ಮೀರುವ ಜಾಣ ವಿಧಾನಗಳು ಖಂಡಿತ ಇವೆ. ಅಮೆರಿಕದ ಸಂಶೋಧಕ ಜಾಕ್ ಕೇಪನ್ 1969ರಲ್ಲಿ ಒಂದನ್ನು ಕೊಟ್ಟರು. ಆಮೇಲೆ ಮ್ಯೂಸಿಕ್, ಎಸ್ಪ್ರಿಟ್ ಎಂಬ ವಿಧಾನಗಳು ಬಂದವು. ಇವು ಅಗಲದ ಒಳಗೂ ಇಣುಕಿ ನೋಡುತ್ತವೆ. ಅದಕ್ಕೆ ಬೆಲೆ ತೆರಬೇಕು: ಗದ್ದಲ ಕಡಿಮೆ ಇರಬೇಕು, ಸಾಕಷ್ಟು ಹೊತ್ತು ಕೇಳಬೇಕು, ಎರಡು ದನಿಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು. ಕೋಣೆಯಲ್ಲಿ ಕೊನೆಯ ಷರತ್ತೇ ಮುರಿದು ಬೀಳುತ್ತದೆ. ಗೋಡೆಗೆ ಬಡಿದು ಬರುವ ದನಿ ಅದೇ ಮಾತಿನ ನಕಲು. ಮೂರೂವರೆ ಮೀಟರ್ ಸುತ್ತಿ ಬಂದರೆ ಸೆಕೆಂಡಿನ ನೂರನೇ ಒಂದು ಭಾಗ ತಡ, ಅಷ್ಟೇ. ಮಾತಿನ ಒಂದು ಅಕ್ಷರ ಮುಗಿಯುವ ಮೊದಲೇ ಅದರ ನಕಲು ಬಂದು ಸೇರಿಕೊಳ್ಳುತ್ತದೆ. ಈ ವಿಧಾನಗಳು ಅಸಲು ಯಾವುದು, ನಕಲು ಯಾವುದು ಎಂದು ತಿಳಿಯದೆ ಒದ್ದಾಡುತ್ತವೆ.

ಬಿಸಿಲೂ ಲೆಕ್ಕ ಕೆಡಿಸುತ್ತದೆ. ಗಾಳಿ 20ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಶಬ್ದದ ವೇಗ 343ರಿಂದ ಸುಮಾರು 349 ಮೀಟರ್‌ಗೆ ಏರುತ್ತದೆ. ಉಪಕರಣ ಹಳೆಯ ವೇಗವನ್ನೇ ನಂಬಿ ಲೆಕ್ಕ ಹಾಕಿದರೆ, 60 ಡಿಗ್ರಿ ಓರೆಯಲ್ಲಿ ಕೂತವರ ದಿಕ್ಕು ಒಂದೂವರೆ ಡಿಗ್ರಿಗೂ ಸ್ವಲ್ಪ ಹೆಚ್ಚು ತಪ್ಪುತ್ತದೆ. ಕೋಣೆ ಎಷ್ಟೇ ನಿಶ್ಶಬ್ದವಾಗಿದ್ದರೂ, ಎಷ್ಟೇ ಹೊತ್ತು ಕೇಳಿದರೂ ಈ ತಪ್ಪು ಹೋಗುವುದಿಲ್ಲ. ಅಲ್ಲಿಗೆ ಅರ್ಧ ಡಿಗ್ರಿಯ ಮಾತು ಮುಗಿಯಿತು.

ಈಗ ಅಪ್ಪನ ಕಿವಿ ಮೆಷಿನ್‌ಗೆ ಬರುತ್ತೇನೆ. ಕಿವಿಯ ಹಿಂದೆ ಕೂರುವ ಆ ಪುಟ್ಟ ಡಬ್ಬಿಯಲ್ಲಿ ಎರಡು ಮೈಕ್. ಅವುಗಳ ನಡುವೆ ಸುಮಾರು 1 ಸೆಂಟಿಮೀಟರ್. 500 ಹರ್ಟ್ಸ್ ಅಲೆಯ ಉದ್ದ 68 ಸೆಂಟಿಮೀಟರ್‌ಗೂ ಜಾಸ್ತಿ. ಅಂದರೆ ಎರಡು ಮೈಕ್‌ಗಳಿಗೂ ಕೇಳುವುದು ಹೆಚ್ಚುಕಡಿಮೆ ಒಂದೇ ದನಿ. ಹಿಂದಿನ ಸದ್ದು ತೆಗೆಯಲು ಒಂದರಿಂದ ಇನ್ನೊಂದನ್ನು ಕಳೆಯಬೇಕು. ನೇರವಾಗಿ ಕಳೆದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದನ್ನು ಮತ್ತೆ ಜೋರು ಮಾಡಬೇಕು. ಆಗ ಮೈಕ್‌ನ ಒಳಗಿನ ಸುಯ್ ಎನ್ನುವ ಸದ್ದೂ ಜೋರಾಗುತ್ತದೆ, ಯಾಕೆಂದರೆ ಆ ಸದ್ದು ಎರಡು ಮೈಕ್‌ಗಳಲ್ಲಿ ಬೇರೆ ಬೇರೆ, ಕಳೆದರೆ ಹೋಗುವುದಿಲ್ಲ. ಕೆಳಗಿನ ಸ್ವರಗಳಲ್ಲಿ ಈ ಪ್ರಯತ್ನವನ್ನೇ ಕೈಬಿಡುವುದು ಸಾಮಾನ್ಯ. ಫ್ಯಾನು, ವಾಹನ, ದೂರದ ಗುಜುಗುಜು ಎಲ್ಲಾ ಒಳಗೆ ಬರುವುದು ಆ ಬಾಗಿಲಿನಿಂದಲೇ. ಎಲ್ಲಾ ಕಡೆಯಿಂದ ಸಮನಾಗಿ ಬರುವ ಗದ್ದಲದ ಎದುರು ಇಂಥ ಹತ್ತಿರದ ಎರಡು ಮೈಕ್‌ನಿಂದ ಸಿಗಬಹುದಾದ ಅತಿ ಹೆಚ್ಚಿನ ಲಾಭ 6 ಡೆಸಿಬಲ್. ತಲೆಯ ಪಕ್ಕದಲ್ಲಿ, ನಿಜವಾದ ಕೋಣೆಯಲ್ಲಿ ಅಷ್ಟೂ ಸಿಗುವುದಿಲ್ಲ.

ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಇದು ನನ್ನ ಕಿವಿಯದ್ದು ಮಾತ್ರ ಅಲ್ಲ" ಎಂದರು. ನಿಮ್ಮ ಓದುಗರಲ್ಲಿ ಇಂಥವರು ಎಷ್ಟು ಜನ ಇದ್ದಾರೋ. ಪೇಪರಿನಲ್ಲಿ ಬಂದ ಒಂದು ವಾಕ್ಯ ಅವರಿಗೆ ಏನು ಮಾಡುತ್ತದೆ ಎಂದು ದಯವಿಟ್ಟು ಯೋಚಿಸಿ.

ಎಐ ಬಂದ ಮೇಲೆ ಈ ಮಿತಿಗಳೆಲ್ಲಾ ಹಳೆಯದಾದವು ಎಂದು ಕೆಲವರು ಹೇಳುತ್ತಾರೆ. ಮಾತು ಹೇಗಿರುತ್ತದೆ ಎಂದು ಮೊದಲೇ ಕಲಿತ ಯಂತ್ರ ಗದ್ದಲದಲ್ಲೂ ಮಾತನ್ನು ಚೆನ್ನಾಗಿ ಹೆಕ್ಕುತ್ತದೆ, ನಿಜ. ನಾನೂ ಅದನ್ನು ಬಳಸುತ್ತೇನೆ. ಆದರೆ ಮೈಕ್ ತನಕ ಬಾರದ ಮಾಹಿತಿಯನ್ನು ಅದು ಊಹೆಯಿಂದ ತುಂಬುತ್ತದೆ. ಮನೆಯ ಹರಟೆಗೆ ಊಹೆ ಸಾಕು. ಯಾರು ಏನು ಹೇಳಿದರು ಎನ್ನುವುದಕ್ಕೆ ಸಾಕ್ಷಿಯಾಗಿ ಅದನ್ನು ಮುಂದಿಟ್ಟರೆ ಸಾಲದು. ಅದನ್ನು ನೆನೆದರೆ ನನಗೆ ಭಯ ಆಗುತ್ತದೆ.

ಮಿತಿಯನ್ನು ಒಪ್ಪಿಕೊಂಡರೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೂ ಉದಾಹರಣೆ ಇದೆ. 2019ರಲ್ಲಿ ಎಂ 87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಅದೂ ಒಂದು ಸೆನ್ಸರ್ ಸಾಲೇ. ಬೇರೆ ಬೇರೆ ಖಂಡಗಳ ಎಂಟು ರೇಡಿಯೊ ದೂರದರ್ಶಕಗಳು, 1.3 ಮಿಲಿಮೀಟರ್ ಅಲೆ, ಭೂಮಿಯಷ್ಟು ಉದ್ದದ ಬೇಸ್‌ಲೈನ್. ಅವರೂ ಇದೇ ಅಲೆ ಮತ್ತು ಉದ್ದದ ಲೆಕ್ಕಕ್ಕೆ ತಲೆಬಾಗಿದರು. ಅಷ್ಟು ಉದ್ದ ಬೇಕು ಎಂದು ಗೊತ್ತಿದ್ದರಿಂದಲೇ ಅಷ್ಟು ದೂರ ದೂರದ ಯಂತ್ರಗಳನ್ನು ಜೋಡಿಸಿದರು. 2017ರಲ್ಲಿ ನೋಡಿದ್ದನ್ನು ಎರಡು ವರ್ಷ ಪರಿಶೀಲಿಸಿ, ನಾಲ್ಕು ತಂಡಗಳು ಒಬ್ಬರಿಗೊಬ್ಬರು ಹೇಳದೆ ಚಿತ್ರ ಕಟ್ಟಿ, ಎಲ್ಲರಿಗೂ ಉಂಗುರವೇ ಬಂತು ಎಂದಾದ ಮೇಲೆ ಮುಂದುವರಿದರು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಇಂಥ ಉಪಕರಣದ ಬಗ್ಗೆ ಬರೆಯುವಾಗ ಮೈಕ್ ಎಷ್ಟು ಎಂದು ಮಾತ್ರ ಕೇಳಬೇಡಿ. ಸಾಲು ಎಷ್ಟು ಉದ್ದ, ಅಳತೆ ಮಾಡಿದ್ದು ಯಾವ ಹರ್ಟ್ಸ್‌ನಲ್ಲಿ, ಎದುರಿಗೋ ಓರೆಗೋ, ಒಬ್ಬರೇ ಮಾತಾಡುತ್ತಿದ್ದರೋ ಹತ್ತು ಜನರೋ, ಗೋಡೆ ಇರುವ ಕೋಣೆಯೋ ಇಲ್ಲವೋ ಎಂದೂ ಕೇಳಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಯಿರಿ. ಅರ್ಧ ಡಿಗ್ರಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ಮಾತಾಡುವ ನಿಶ್ಶಬ್ದ ಕೋಣೆಯಲ್ಲಿ ಅದು ಬಂದಿರಬಹುದು. ಹಾಗಿದ್ದರೆ ಆ ಕೋಣೆಯ ಬಗ್ಗೆಯೂ ಒಂದು ಸಾಲು ಇರಲಿ.

ಕಿವಿ ಮೆಷಿನ್ ಹಾಕುವ ಓದುಗರಿಗೆ ಒಂದು ಮಾತು. ಮಾತಾಡುವವರಿಂದ 2 ಮೀಟರ್ ದೂರದಲ್ಲಿರುವ ಮೈಕನ್ನು 20 ಸೆಂಟಿಮೀಟರ್ ದೂರವಷ್ಟೇ ಉಳಿಯುವ ಹಾಗೆ ಹತ್ತಿರ ತಂದರೆ ಅವರ ನೇರ ದನಿ 20 ಡೆಸಿಬಲ್ ಜೋರಾಗುತ್ತದೆ. ಅದೇ 20 ಡೆಸಿಬಲ್ ಲಾಭವನ್ನು ಸಾಲಿನಿಂದ ಪಡೆಯಲು, ಎಲ್ಲಾ ಸರಿಯಾಗಿದ್ದರೂ 100 ಮೈಕ್ ಬೇಕು. ಕಿವಿ ಮೆಷಿನ್‌ಗೆ ವೈರ್ ಇಲ್ಲದೆ ಜೋಡಿಸುವ ಚಿಕ್ಕ ಕ್ಲಿಪ್ ಮೈಕ್‌ಗಳು ಸಿಗುತ್ತವೆ, ನಿಮ್ಮ ಮೆಷಿನ್‌ಗೆ ಹೊಂದುವುದು ಯಾವುದು ಎಂದು ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಕೇಳಿ. ನಾವು ಒಂದನ್ನು ತಂದೆವು. ಮೊನ್ನೆ ಮನೆಯಲ್ಲಿ ಏಳೆಂಟು ಜನ ಸೇರಿದ್ದಾಗ ಅದನ್ನು ನನ್ನ ಮಗಳ ಕಾಲರಿಗೆ ಸಿಕ್ಕಿಸಿದೆವು. ಅವಳ ಪರೀಕ್ಷೆಯ ಕತೆ ಪೂರ್ತಿ ಕೇಳಿಸಿಕೊಂಡು ಅಪ್ಪ ನಡುವೆ ಎರಡು ಪ್ರಶ್ನೆಯನ್ನೂ ಕೇಳಿದರು.

ಆ ಉಪಕರಣದ ಸಾಲಿನ ಸರಿಯಾದ ಉದ್ದ ನಿಮಗೆ ಗೊತ್ತಾದರೆ ದಯವಿಟ್ಟು ಪ್ರಕಟಿಸಿ. ಕೈಯ ಚಿತ್ರ ನೋಡಿ ಹಾಕಿದ ಲೆಕ್ಕ ಅಪ್ಪನಿಗೆ ಸಮಾಧಾನ ಕೊಟ್ಟಿಲ್ಲ. ಸರಿಯಾದ ಉದ್ದ ಇಟ್ಟುಕೊಂಡು ಈ ಸಲ ತಾವೇ ಲೆಕ್ಕ ಹಾಕುತ್ತಾರಂತೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಅಕೌಸ್ಟಿಕ್ಸ್ ಎಂಜಿನಿಯರ್